ಕೂಸಿಗೆ ಹಣ್ಣೆರೆದ ಜನವರಿ

ಡಿಸೆಂಬರ್ 30, 2024, ಸೋಮವಾರ

ಎಳ್ಳ ಅಮಾವಾಸ್ಯೆ. ಬೆಳಿಗ್ಗೆಯೇ ಸಿಂದಗಿ ಬಿಟ್ಟು ಇಂಡಿ ತಾಲ್ಲೂಕಿನ ನಮ್ಮ ಹೊಲಕ್ಕೆ ಬಂದೆವು. ಮಾವನವರು ಚರಗ ಚೆಲ್ಲಿ ಬಂದ ಮೇಲೆ ಲಿಂಬಿ ತೋಟದ ಬದಿಗೆ ಕೌದಿ ಹಾಸಿ ಉಂಡೆವು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಎಣ್ಣಿಗಾಯಿ ಬದನಿಕಾಯಿ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗಿ. ಉಂಡು ದೊಡ್ಡವರೆಲ್ಲ ಅಲ್ಲೇ ಒರಗಿದರು.

ನಾನು ಮಕ್ಕಳನ್ನೇ ನೋಡುತ್ತ ಕೂತೆ. ಎರಡು ವರ್ಷದವರಿಂದ ಹನ್ನೆರಡರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಆಡಿರಿ ಎಂದು ಯಾರೂ ಹೇಳಲಿಲ್ಲ. ದೊಡ್ಡ ಹುಡುಗರು ಕಡಲಿ ಗಿಡ ಕಿತ್ತು ತಂದು ಬೆಂಕಿ ಹಾಕಿ ಸುಲಗಾಯಿ ಸುಟ್ಟರು. ಹುಡುಗಿಯರು ಸಣ್ಣವರನ್ನು ಕಂಕುಳಲ್ಲಿ ಎತ್ತಿಕೊಂಡು ಬದುವಿನ ಉದ್ದಕ್ಕೂ ಬಾರಿಗಿಡ ಹುಡುಕುತ್ತ ಹೋದರು. ನನ್ನ ಮಗಳು ಬಿದ್ದಳು, ಎದ್ದಳು, ಅಳಲು ಅವಳಿಗೆ ಪುರಸೊತ್ತೇ ಇರಲಿಲ್ಲ. ಮಧ್ಯಾಹ್ನವಿಡೀ ಒಬ್ಬ ತಾಯಿಯೂ ಕೂತಲ್ಲಿಂದ ಏಳಲಿಲ್ಲ.

ಬರುವ ತಿಂಗಳು 17ಕ್ಕೆ ಅವಳಿಗೆ ನಾಲ್ಕು ತುಂಬುತ್ತದೆ. ಏನಾದರೂ ಮಾಡಬೇಕು.

ಜನವರಿ 3, 2025, ಶುಕ್ರವಾರ

ಪರಿಚಯದವರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಹಾಲ್ ಹಿಡಿದಿದ್ದರು. ಸ್ಪೀಕರಿನ ಸದ್ದಿಗೆ ಮಕ್ಕಳು ಕಿವಿ ಮುಚ್ಚಿಕೊಂಡಿದ್ದವು. ವೇದಿಕೆಯ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ, ಆಮೇಲೆ ಮತ್ತೆ ಫೋಟೋ. ಊಟಕ್ಕೆ ಕೂತಾಗ ಒಂಬತ್ತು ಹೊಡೆದಿತ್ತು. ನನ್ನ ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಹುಟ್ಟುಹಬ್ಬದ ಕೂಸಂತೂ ಕೇಕಿಗೆ ಮೊದಲೇ ಅತ್ತು ಅತ್ತು ಸುಸ್ತಾಗಿತ್ತು. ಅದರ ತಾಯಿ ಒಂದು ಗಳಿಗೆಯೂ ಕೂತದ್ದು ಕಾಣಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ಮುಗೀತಲ್ರಿ ಅಕ್ಕಾರ, ಸಾಕಾಗಿತ್ತು" ಅಂದಳು. ಆ ಮಾತು ಮನಸ್ಸಿಗೆ ಹತ್ತಿತು. ಮಗಳು ಹುಟ್ಟಿದ ದಿನ ಮುಗಿಯಿತೆಂದು ತಾಯಿಗೆ ನಿರಾಳವಾಗುವಂತಿದ್ದರೆ ಆ ಸಂಭ್ರಮ ಯಾರಿಗೆ?

ಮನೆಗೆ ಬಂದು ಮಲಗಿಸುವಾಗ ಮಗಳು ಕಣ್ಣು ಬಿಟ್ಟು, "ನನಗೂ ಕೇಕ್ ಬೇಕು. ಪುಗ್ಗಾನೂ ಬೇಕು" ಅಂದಳು. ಅತ್ತಿಯವರು ಕೇಳಿಸಿಕೊಂಡು, "ಹೆಂಗೂ ಕೂಸಿಗೆ ಹಣ್ಣ ಎರೀಬೇಕು. ಐದ ದಾಟಿದ ಮ್ಯಾಲೆ ಎರಿಯೂದಿಲ್ಲ. ಎರಡೂ ಕೂಡಿಸೇ ಮಾಡೂಣ ತಗೋ" ಅಂದರು.

ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಸಣ್ಣ ಮಕ್ಕಳಿಗಾಗಿಯೇ, ಮನೆಯಲ್ಲೇ, ಓಣಿಯ ಮಕ್ಕಳನ್ನೆಲ್ಲ ಕರೆದು ಮಾಡುವ ಹಬ್ಬವೊಂದು ನಮ್ಮಲ್ಲಿ ಮೊದಲಿಂದ ಇದೆ. ನಡುವೆ ಕೂಸನ್ನು ಕೂಡಿಸಿ, ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರಮರಿ, ಕುಸುರೆಳ್ಳು ಎರೆಯುವುದು. ಸುತ್ತಲಿನ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವುದು. ಹೊಸದಾಗಿ ಯೋಚಿಸಿ ಕಟ್ಟುವುದೇನೂ ಇಲ್ಲ. ಇನ್ನೊಂದು ಅನುಕೂಲ, ಇಂಥದೇ ದಿನ ಎಂಬ ಕಟ್ಟಿಲ್ಲ. ಸಂಕ್ರಮಣದಿಂದ ರಥಸಪ್ತಮಿಯೊಳಗೆ ಯಾವಾಗ ಎರೆದರೂ ನಡೆಯುತ್ತದೆ ಅನ್ನುತ್ತಾರೆ ಅತ್ತಿ. ಈ ಸಲ ಸಂಕ್ರಮಣ 14ಕ್ಕೆ, ರಥಸಪ್ತಮಿ ಫೆಬ್ರುವರಿ 4ಕ್ಕೆ. ನನಗೆ ಶಾಲೆಯಿಲ್ಲದ ಭಾನುವಾರ, 19ನೇ ತಾರೀಖು ಆರಿಸಿದೆ.

ಜನವರಿ 5, ಭಾನುವಾರ

ನಸುಕಿನಲ್ಲಿ ಅತ್ತಿಯವರು ಕುಸುರೆಳ್ಳಿಗೆ ಕೂತರು. ಶೇಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಮೇಲೆ ಹಿತ್ತಾಳಿ ಪರಾತ, ಅದರಲ್ಲಿ ಹುರಿದ ಬಿಳಿ ಎಳ್ಳು. ಪಕ್ಕದ ಬಟ್ಟಲಲ್ಲಿ ಸಕ್ಕರಿ ಪಾಕ. ಪಾಕ ಕುದಿಯುವಾಗ ಒಂದು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತದೆ. ಅದನ್ನು ತೆಗೆದು ತೆಳು ಅರಿವೆಯಲ್ಲಿ ಸೋಸುತ್ತಾರೆ. ಒಂದೇ ಒಂದು ಚಮಚ ಪಾಕ ಎಳ್ಳಿನ ಮೇಲೆ ಬಿಟ್ಟು ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಅದು ಒಣಗಿ ಕಾಳು ಕಾಳಾದ ಮೇಲೆ ಇನ್ನೊಂದು ಚಮಚ. ಅವಸರ ಮಾಡಿ ಎರಡು ಚಮಚ ಬಿಟ್ಟರೆ ಮುದ್ದೆಯಾಗುತ್ತದೆ. ಕೆಂಡ ಹೆಚ್ಚಾದರೆ ಕೆಂಪಗಾಗುತ್ತದೆ. ಹೊತ್ತೇರಿ ಸೆಕೆಯಾದರೆ ಮುಳ್ಳು ಏಳುವುದೇ ಇಲ್ಲ. ಅದಕ್ಕೇ ಪುಷ್ಯದ ಚಳಿ ಬೇಕು, ನಸುಕಿನ ಹೊತ್ತೇ ಬೇಕು. ದಿನಕ್ಕೆ ಇಷ್ಟಿಷ್ಟೇ ಮಾಡಿ ಅರಿವೆ ಮುಚ್ಚಿ ಇಟ್ಟು, ಮರುದಿನ ಮತ್ತೆ ಅದೇ ಎಳ್ಳಿಗೆ ಪಾಕ. ವಾರ ಕಳೆಯುವುದರೊಳಗೆ ಒಂದೊಂದು ಎಳ್ಳಿಗೂ ಮೈತುಂಬ ಬಿಳಿ ಮುಳ್ಳು.

ಮಗಳು ಕೌದಿ ಹೊದ್ದುಕೊಂಡು ಅಜ್ಜಿಯ ಪಕ್ಕ ಕೂತು ನೋಡಿದಳು. ಮುಳ್ಳು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. "ಚಳಿಗೆ ಎಳ್ಳಿಗೂ ಮೈ ಜುಮ್ ಅಂತೈತಿ" ಅಂದರು ಅತ್ತಿ. ಇವತ್ತಿನಿಂದ ಅವಳಿಗೆ ಬೆಳಿಗ್ಗೆ ಏಳು ಎನ್ನಬೇಕಿಲ್ಲ. ಹದಿನಾಲ್ಕು ದಿನ ಮುಂಚೆಯೇ ಅವಳ ಹಬ್ಬ ಸುರುವಾಗಿದೆ, ಅದೂ ನಾನು ಏನೂ ಮಾಡದೆ.

ಜನವರಿ 8, ಬುಧವಾರ

ಕರೆಯುವ ಕೆಲಸ ಓಣಿಯ ದೊಡ್ಡ ಹುಡುಗಿಯರಿಗೆ ವಹಿಸಿದೆ. ಆರನೆತ್ತೆ, ಏಳನೆತ್ತೆ ಓದುವ ನಾಲ್ವರು. ಮನೆ ಮನೆಗೆ ಹೋಗಿ ಮೂರು ಮಾತು ಹೇಳಿ ಬರಬೇಕು. ಒಂದು, ನಾಲ್ಕಕ್ಕೆ ಬರ್ರಿ, ಆರಕ್ಕೆ ಮುಗೀತದ. ಎರಡು, ಕೂಸಿನ ತಾಟು, ಲೋಟ ಮನಿಯಿಂದ ತರ್ರಿ. ಮೂರು, ಗಿಫ್ಟ್ ಬ್ಯಾಡ. ಎರಿಯಾಕ ಒಂದು ಹಿಡಿ ಏನರೆ ತರ್ರಿ. ಚುರಮರಿ ಇರಲಿ, ಹೂವಿನ ಪಕಳಿ ಇರಲಿ, ಹಿತ್ತಲದಾಗಿನ ಬಾರಿಹಣ್ಣು ಇರಲಿ.

ಮೂರನೆಯದು ನನ್ನ ಮನಸ್ಸಿಗೆ ಬಹಳ ಬಂದಿದೆ. ಉಡುಗೊರೆಯ ಲೆಕ್ಕ ಎಂದರೆ ಕೊಡುವವರಿಗೂ ಭಾರ, ಮುಂದೆ ತಿರುಗಿ ಕೊಡುವವರಿಗೂ ಭಾರ. ಒಂದು ಹಿಡಿ ಚುರಮರಿ ಯಾವ ಮನೆಗೂ ಭಾರವಲ್ಲ. ಎರೆಯುವಾಗ ಯಾರ ಹಿಡಿ ಯಾವುದು ಎಂದೂ ಗೊತ್ತಾಗುವುದಿಲ್ಲ.

ಎರಡು ಗಂಟೆ ಸಾಲದು ಎಂದು ನಮ್ಮ ಯಜಮಾನರ ಮಾತು. ನನಗೆ ಶಾಲೆಯಲ್ಲಿ ನಲಿಕಲಿ ತರಗತಿ ಕಲಿಸುವ ಅನುಭವ ಇದೆ. ಸಣ್ಣ ಮಕ್ಕಳ ಹುರುಪು ದಣಿವಿಗೆ ತಿರುಗುವ ಹೊತ್ತು ಯಾವುದೆಂದು ದಿನಾ ನೋಡುತ್ತೇನೆ. ಅಲ್ಲಿಗೆ ಮುಂಚೆ ನಿಲ್ಲಿಸಬೇಕು.

ಜನವರಿ 12, ಭಾನುವಾರ

ಸಂತೆಯಿಂದ ಬಾರಿಹಣ್ಣು ತಂದರು. ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಸೇರಿನಲ್ಲಿ ಅಳೆದು ಕೊಡುತ್ತಾರೆ. ಹೊಲದ ಬದುವಿನ ಸಣ್ಣ ಹುಳಿ ಹಣ್ಣು, ವಾಸನೆಗೇ ಬಾಯಲ್ಲಿ ನೀರು.

ಆದರೆ ಇದನ್ನೆಲ್ಲ ಇದ್ದಂತೆ ಎರೆಯಲು ನಾನು ಒಪ್ಪುವುದಿಲ್ಲ. ಐದು ವರ್ಷದ ಒಳಗಿನವರಿಗೆ ಇಡೀ ಶೇಂಗಾಕಾಳು ಕೊಡಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಇದ್ದಾರೆ. ಅಗಿಯುವ ಹಲ್ಲು ಪೂರಾ ಬಂದಿರುವುದಿಲ್ಲ. ನಗುತ್ತ ಓಡುತ್ತ ಬಾಯಿಗೆ ಹಾಕಿಕೊಂಡದ್ದು ಅನ್ನನಾಳ ಬಿಟ್ಟು ಉಸಿರ ಕೊಳವೆಗೆ ಇಳಿದರೆ ಗತಿಯೇನು? ಬಾರಿಹಣ್ಣಿನ ಬೀಜವೂ ಅಷ್ಟೇ, ನಾಣ್ಯವೂ ಅಷ್ಟೇ. ಪುಗ್ಗಾ ಇನ್ನೂ ಕೆಟ್ಟದ್ದು: ಒಡೆದ ರಬ್ಬರಿನ ಚೂರು ಗಂಟಲಿಗೆ ಅಂಟಿ ಕೂತುಬಿಡುತ್ತದೆ. ಅತ್ತಿಯವರಿಗೆ ಇದನ್ನು ಹೇಳಲು ಸ್ವಲ್ಪ ಅಳುಕಿತು, ಹಿಂದಿನಿಂದ ಬಂದ ಪದ್ಧತಿಗೆ ಕೈ ಹಚ್ಚಿದಂತೆ ಆಗುತ್ತದೆಂದು. ಅವರೇ, "ನಮ್ಮ ಕಾಲಕ್ಕ ಮನಿ ತುಂಬ ಮಂದಿ ಇದ್ದರು, ಒಬ್ಬರಲ್ಲ ಒಬ್ಬರ ಕಣ್ಣ ಕೂಸಿನ ಮ್ಯಾಲೆ ಇರತಿತ್ತು. ಈಗ ನೀ ಹೇಳಿದಂಗ ಆಗಲಿ" ಅಂದರು.

ಹೀಗೆ ಗೊತ್ತುಮಾಡಿದೆವು. ಎರಡು ಸರತಿ ಎರೆಯುವುದು. ಮೊದಲು ಹೂವಿನ ಪಕಳೆ, ಚುರಮರಿ, ಜೋಳದ ಅಳ್ಳು, ಕುಸುರೆಳ್ಳು, ಇದು ಸಣ್ಣವರಿಗೆ. ಆಮೇಲೆ ಅವರನ್ನು ತಾಯಂದಿರು ತೊಡೆಯ ಮೇಲೆ ಕೂಡಿಸಿಕೊಳ್ಳಬೇಕು. ಆಗ ಬಾರಿಹಣ್ಣು, ಕಬ್ಬು ದೊಡ್ಡ ಮಕ್ಕಳಿಗೆ. ಶೇಂಗಾ ಕುಟ್ಟಿ ಹೋಳಿಗೆಯಲ್ಲಿ ಮಾತ್ರ. ನಾಣ್ಯ ಇಲ್ಲ. ಪುಗ್ಗಾ ಎರಡೇ, ಮಕ್ಕಳ ಕೈಗೆ ನಿಲುಕದಂತೆ ಬಾಗಿಲ ಮೇಲೆ ಕಟ್ಟುವುದು.

ಸೊಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದ ಪಕ್ಕದ ಮನೆಯ ವೈನಿ, ತಮ್ಮ ತವರಲ್ಲಿ ಇದಕ್ಕೆ ಬೋರನ್ಹಾಣ ಎನ್ನುತ್ತಾರೆ, ಕೂಸಿಗೆ ಕರಿ ಅಂಗಿ ತೊಡಿಸಿ ಕುಸುರೆಳ್ಳಿನ ಕಿರೀಟ, ಹಾರ ಹಾಕುತ್ತಾರೆ ಎಂದರು. ತೆಲುಗರಲ್ಲಿ ಭೋಗಿಯ ಸಂಜೆಗೆ ಭೋಗಿ ಪಳ್ಳು. ಓದುತ್ತ ಹೋದರೆ ದೂರದ ಮೆಕ್ಸಿಕೋದಲ್ಲೂ ಇಂಥದಿದೆ: ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನ, ಡಿಸೆಂಬರ್ 16ರಿಂದ 24ರವರೆಗೆ, ಬಣ್ಣದ ಕಾಗದ ಅಂಟಿಸಿದ ಗಡಿಗೆಯನ್ನು ಮೇಲೆ ತೂಗುಹಾಕಿ ಮಕ್ಕಳ ಕೈಯಲ್ಲಿ ಒಡೆಸುತ್ತಾರೆ. ಅದರೊಳಗಿಂದ ಬೀಳುವುದು ಕಬ್ಬಿನ ತುಂಡು, ಶೇಂಗಾ, ಪೇರಲ. ಸುಗ್ಗಿಯ ಹೊತ್ತಿಗೆ ಮಕ್ಕಳ ಮೇಲೆ ತಿನಿಸು ಸುರಿಯಬೇಕು ಎಂದು ಒಬ್ಬರನ್ನೊಬ್ಬರು ಕಾಣದ ಜನಕ್ಕೂ ಅನ್ನಿಸಿದೆ. ಓದಿ ಎಷ್ಟು ಖುಷಿಯಾಯಿತೆಂದರೆ ವೈನಿಯನ್ನು ಕಂಪೌಂಡಿನ ಆಚೆಯಿಂದ ಕರೆದು ಹೇಳಿದೆ.

ಜನವರಿ 14, ಮಂಗಳವಾರ

ಸಂಕ್ರಮಣ. ಎಳ್ಳು, ಅರಿಶಿಣ ಅರೆದು ಹಚ್ಚಿಕೊಂಡು ಸ್ನಾನ. ಮಾದಲಿ, ಹೋಳಿಗಿ. ಸಂಜೆ ಓಣಿಯಲ್ಲೆಲ್ಲ ಕುಸುರೆಳ್ಳು ಹಂಚಿ ಬಂದೆವು. ಇವರು ವಿಜಯಪುರಕ್ಕೆ ಸಿದ್ಧೇಶ್ವರ ಜಾತ್ರೆಗೆ ಹೋಗಿ ಬೆಂಡು, ಬತ್ತಾಸು ತಂದರು. ಮಕ್ಕಳಿಗೆ ಹೋಗುವಾಗ ಕೊಡಲು ಆಯಿತು.

ಜನವರಿ 17, ಶುಕ್ರವಾರ

ಇವತ್ತು ಅವಳಿಗೆ ನಾಲ್ಕು ತುಂಬಿತು. ಬೆಳಿಗ್ಗೆ ಆರತಿ, ಹೊಸ ಅಂಗಿ, ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಮುದ್ದೇಬಿಹಾಳದಿಂದ ತಾಳಿಕೋಟಿ ಮ್ಯಾಲೆ ಅವ್ವ ಬಂದಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಸುರುವಾದ ಮೇಲೆ ಅವ್ವನಿಗೆ ಬಸ್ಸಿನ ಖರ್ಚಿಗೆ ಯಾರ ಮುಖವನ್ನೂ ನೋಡಬೇಕಿಲ್ಲ, ಮನಸ್ಸಾದಾಗ ಬರುತ್ತಾಳೆ. ಡಬ್ಬಿ ತುಂಬ ಶೇಂಗಾ ಹೋಳಿಗಿ ತಂದಿದ್ದಾಳೆ. ನಮ್ಮ ಸೀಮೆಯ ಅಡಿಗೆಯ ಗುಣವೇ ಇದು. ಮಳೆ ಕಡಿಮೆ, ಹೊಲ ದೂರ, ಬುತ್ತಿ ಕಟ್ಟಿಕೊಂಡು ಹೋಗಬೇಕು. ಅದಕ್ಕೇ ಕಟಕ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗಿ, ಎಲ್ಲವೂ ದಿನಗಟ್ಟಲೆ ಕೆಡದೆ ಉಳಿಯುವಂಥವು. ಮನೆಯಲ್ಲಿ ಮಕ್ಕಳನ್ನು ಕರೆಯುವವಳಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ. ಅವ್ವನ ಹೋಳಿಗಿ ಬಂತು, ನಾಳೆ ನಾನು ಚುರಮರಿ ಚೂಡಾ ಮಾಡಿ ಡಬ್ಬಿಗೆ ತುಂಬುತ್ತೇನೆ. ಆ ದಿನ ಬಿಸಿಯಾಗಿ ಮಾಡುವುದು ಸೂಸಲ ಒಂದೇ, ಅದು ಕಾಲು ಗಂಟೆಯ ಕೆಲಸ. ಇಂಡಿ ಹೊಲದ ಲಿಂಬಿಹಣ್ಣು ಬಂದಿವೆ, ಶರಬತ್ತಿಗೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಾವನವರು ಪೇಪರು ಕತ್ತರಿಸಿ ಗೋಡೆಗೆ ಹಚ್ಚಿದ್ದರು. ನಮ್ಮ ಮಕ್ಕಳು ಬಾಟಲಿಯ ಬಣ್ಣದ ನೀರು ಕುಡಿಯಬೇಕಾದ ಕಾರಣವೇ ಇಲ್ಲ.

ರಾತ್ರಿ ಅವ್ವ ಮೆಲ್ಲಗೆ, "ಎರಿಯೂ ಮುಂದ ನಾ ಒಳಗ ಅಡಗಿ ಮನ್ಯಾಗ ಇರತೀನಿ" ಅಂದಳು. ಅಪ್ಪ ಹೋದ ಮೇಲೆ ಶುಭದ ಹೊತ್ತಿಗೆಲ್ಲ ಅವಳು ಹೀಗೆ ಒಳಗೆ ಸರಿಯುತ್ತಾಳೆ. ನನ್ನಿಂದ ಮಾತಾಡಲಾಗಲಿಲ್ಲ.

ಜನವರಿ 18, ಶನಿವಾರ

ಬಸವನ ಬಾಗೇವಾಡಿಯಿಂದ ಅಕ್ಕ ಬಂದಳು, ತನ್ನ ಇಬ್ಬರು ಮಕ್ಕಳೊಂದಿಗೆ. ಅವ್ವನ ಮಾತು ಹೇಳಿದೆ. ಅಕ್ಕ ಚೀಲ ಕೆಳಗಿಡುವ ಮೊದಲೇ ಒಳಗೆ ಹೋದಳು. "ನಾ ದಿನಾ ಬಸವಣ್ಣನ ಗುಡಿ ಮುಂದ ಹಾದು ಸಂತಿಗೆ ಹೋಗಾಕಿ. ಹೆಣ್ಣುಮಕ್ಕಳನ ಹೊರಗ ನಿಲ್ಲಸೂದನ್ನ ಎಂಟ ನೂರ ವರ್ಷದ ಹಿಂದ ಬ್ಯಾಡ ಅಂದ ಊರವ್ವ ಅದು. ನೀ ಹಡದ ಮಕ್ಕಳು ನಾವು, ನಮ್ಮ ಕೂಸಿಗೆ ನೀ ಎರೀದಿದ್ರ ಯಾರ ಎರೀಬೇಕು?" ಅವ್ವ ಉತ್ತರ ಕೊಡಲಿಲ್ಲ. ಅತ್ತಿಯವರು ಪಡಸಾಲಿಯಲ್ಲಿ ಚುರಮರಿ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡರು, ಅವರೂ ಏನೂ ಅನ್ನಲಿಲ್ಲ.

ಸಂಜೆ ಎರಿಮಣ್ಣು ಜರಡಿ ಹಿಡಿದು ಕಲ್ಲು, ಮುಳ್ಳು ಆರಿಸಿ ನೀರಲ್ಲಿ ನೆನೆಹಾಕಿದೆವು. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಮುಂಗಾರಿಗೆ. ಆದರೆ ಎತ್ತು ಮಾಡಲು ಮಕ್ಕಳಿಗೆ ಪಂಚಾಂಗ ಬೇಕಿಲ್ಲ. ಬೇವಿನ ಗಿಡಕ್ಕೆ ಇವರು ಜೋಕಾಲಿ ಕಟ್ಟಿದರು, ತಮ್ಮ ಭಾರ ಹಾಕಿ ಜಗ್ಗಿ ನೋಡಿದರು. ಸಣ್ಣವರ ಕಾಲು ನೆಲಕ್ಕೆ ನಿಲುಕುವಷ್ಟು ಕೆಳಗೇ ಇರಲಿ ಎಂದೆ. ನೀರಿನ ಹಂಡೆಗೆ ಮುಚ್ಚಳ, ಓಣಿಯ ಗೇಟಿಗೆ ಚಿಲಕ, ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಹಲಗೆ. ನಾಳೆ ನಳ ಬರುವ ದಿನವಲ್ಲ, ಕೈ ತೊಳೆಯಲು ಎರಡು ಬಕೀಟು ಬೇರೆ ತುಂಬಿಟ್ಟೆ.

ಜನವರಿ 19, ಭಾನುವಾರ, ರಾತ್ರಿ

ಬರೆಯದೆ ಮಲಗಲು ಮನಸ್ಸಿಲ್ಲ.

ನಾಲ್ಕಕ್ಕೆ ಮಕ್ಕಳು ಬರತೊಡಗಿದವು. ಒಬ್ಬೊಬ್ಬರ ಮುಷ್ಟಿಯಲ್ಲೂ ಏನೋ ಒಂದು. ಎದುರು ಮನೆಯ ಚಾಚಿಯ ಮೊಮ್ಮಗ ಟೋಪಿ ತುಂಬ ಬಾರಿಹಣ್ಣು ತಂದಿದ್ದ. ಒಂದು ಹುಡುಗಿ ನಾಲ್ಕೇ ನಾಲ್ಕು ಚೆಂಡುಹೂವು ತಂದು, ಸಾಲುವುದೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ಎಲ್ಲವೂ ಒಂದೇ ಮೊರಕ್ಕೆ ಬಿದ್ದವು. ನೋಡುತ್ತಿದ್ದಂತೆ ಮೊರ ತುಂಬಿತು.

ಅಂಗಳದಲ್ಲಿ ನಾಲ್ಕು ಗುಡಾರ ಹಾಸಿದ್ದೆವು, ಪ್ರತಿಯೊಂದಕ್ಕೂ ಒಬ್ಬ ದೊಡ್ಡ ಹುಡುಗಿ, ಸುತ್ತ ಬೇರೆ ಬೇರೆ ವಯಸ್ಸಿನ ಮಕ್ಕಳು. ಇದು ನಲಿಕಲಿಯಿಂದ ಕಲಿತದ್ದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಸುರುವಾದ ಆ ಪದ್ಧತಿಯಲ್ಲಿ ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಬಲ್ಲವರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ. ಇಲ್ಲಿಯೂ ಹಾಗೇ ಆಯಿತು. ಮಣ್ಣು ಕೈಗೆ ಬಂದ ಕೂಡಲೇ ಹೊಸ ಮನೆಯ ನಾಚಿಕೆ ಹೋಯಿತು. ಎತ್ತು, ಗ್ವಾದಲಿ, ರೊಟ್ಟಿ, ಹಾವು. ಮೂರು ವರ್ಷದ ಒಬ್ಬ ಏನೂ ಮಾಡಲಿಲ್ಲ, ಮುದ್ದೆಯನ್ನು ಒತ್ತುತ್ತ ಒತ್ತುತ್ತ ಅರ್ಧ ಗಂಟೆ ಕೂತ. ಅವನ ತಾಯಿ, "ಮನ್ಯಾಗ ಐದು ನಿಮಿಷ ಕೂಡೂದಿಲ್ರಿ" ಎಂದು ಬೆರಗಾದಳು. ಎತ್ತಿನ ಕಣ್ಣಿಗೆ ಬೇಕೆಂದು ಜೋಳದ ಕಾಳು ಕೇಳಿದರು. ಅದನ್ನು ದೊಡ್ಡ ಮಕ್ಕಳ ಕೈಗೆ ಮಾತ್ರ ಕೊಟ್ಟೆ.

ಕೈ ತೊಳೆಸಿದ ಮೇಲೆ ಮಣೆಯ ಮೇಲೆ ಮಗಳನ್ನು ಕೂಡಿಸಿದೆವು. ವೈನಿ ಹಠ ಹಿಡಿದು ತೊಡಿಸಿದ ಕರಿ ಅಂಗಿ, ಹಣೆಗೆ ಕುಸುರೆಳ್ಳು ಪೋಣಿಸಿದ ಪಟ್ಟಿ. ಓಣಿಯ ಐದರೊಳಗಿನ ಮಕ್ಕಳನ್ನೆಲ್ಲ ಅವಳ ಜೊತೆಗೇ ಕೂಡಿಸಿದೆ, ಎಲ್ಲರಿಗೂ ಎರೆಯಬೇಕೆಂದು. ಅತ್ತಿಯವರು ಸೇರು ತುಂಬಿಕೊಂಡು ಎದ್ದರು. ನೇರ ಅಡಿಗೆಮನೆಗೆ ಹೋದರು. "ಬರ್ರಿ ಬೀಗ್ತಿ. ನಿಮ್ಮ ಮಮ್ಮಗಳು ಕುಂತಾಳ, ಮೊದಲಿನ ಸೇರು ನಿಮ್ಮದು." ಅವ್ವ ಬರುವುದಿಲ್ಲ ಅಂದಳು. "ನನ್ನ ಮನ್ಯಾಗ ನನ್ನ ಮಾತ ನಡೀಬೇಕು" ಎಂದು ಅತ್ತಿ ಕೈ ಹಿಡಿದು ಕರೆತಂದರು. ಅವ್ವ ಎರೆದಳು. ಮಗಳು ಮೇಲೆ ನೋಡಿ, "ಆಯಿ, ಇನ್ನೂ!" ಅಂದಳು. ಅಕ್ಕ ಅತ್ತಳು, ನಾನೂ. ಓಣಿಯ ಹೆಂಗಸರು ಯಾರೂ ಒಂದು ಮಾತಾಡಲಿಲ್ಲ, ಒಬ್ಬರಾದ ಮೇಲೊಬ್ಬರು ಎದ್ದು ಎರೆದರು. ಚಾಚಿಯೂ ಎರೆದರು.

ಆಮೇಲಿನ ಗದ್ದಲ ಬರೆಯಲು ಬಾರದು. ಚುರಮರಿ ಕೂದಲಲ್ಲಿ, ಅಂಗಿಯೊಳಗೆ, ಕಿವಿಯಲ್ಲಿ. ಎರಡನೇ ಸರತಿಗೆ ಸಣ್ಣವರು ತೊಡೆಯ ಮೇಲೆ ಕೂರಲು ಒಪ್ಪದೆ ಕೊಸರಾಡಿದವು. ಲಂಗದ ಉಡಿ ತುಂಬ ಹೂವಿನ ಪಕಳೆ ಕೊಟ್ಟ ಮೇಲೆ ಸುಮ್ಮನಾದವು. ಬಾರಿಹಣ್ಣಿಗೆ ದೊಡ್ಡ ಹುಡುಗರು ಮುಗಿಬಿದ್ದರು. ಕೊನೆಗೆ ಅವರೇ ಬೀಜ ಆರಿಸಿ ಒಂದು ಬೋಗುಣಿಗೆ ಹಾಕಿದರು, ಆ ಕೆಲಸ ಮೊದಲೇ ಹೇಳಿಟ್ಟಿದ್ದೆ.

ತಿಂದರು, ಕುಡಿದರು. ಅರ್ಧ ಕಿಲೋ ಕೇಕನ್ನೂ ಕತ್ತರಿಸಿದೆವು. ಕೊಟ್ಟ ಮಾತು ಕೊಟ್ಟದ್ದೇ. ಅವಳು ಒಂದು ತುತ್ತು ತಿಂದು ಜೋಕಾಲಿಗೆ ಓಡಿದಳು. ಅಲ್ಲಿ ಜಗಳ. ಏಳನೆತ್ತೆಯ ಹುಡುಗಿ ನ್ಯಾಯ ಹೇಳಿದಳು: ಒಬ್ಬರಿಗೆ ಇಪ್ಪತ್ತು ತೂಗು, ಎಣಿಸುವವರು ಸರತಿಯಲ್ಲಿ ನಿಂತವರು. ಎಣಿಕೆ ಬಾರದ ಸಣ್ಣವೂ ಕೂಗಿ ಎಣಿಸಿದವು. ಒಂದು ಕೂಸು ಕಾರಣವಿಲ್ಲದೆ ಅತ್ತಿತು. ಅದನ್ನು ಆಡಲು ಒತ್ತಾಯಿಸದೆ ಒಳಗೆ ಅವ್ವನ ಹತ್ತಿರ ಕೂಡಿಸಿದೆ, ತಾನೇ ಹೊರಗೆ ಬಂತು. ಹಾಡು ಹಚ್ಚಲಿಲ್ಲ, ಸ್ಪರ್ಧೆ ಇಡಲಿಲ್ಲ, ಗೆದ್ದವರು ಸೋತವರು ಇಲ್ಲ. ಫೋಟೋ ಇವರು ಹಿಡಿದದ್ದು ಒಂದಿಷ್ಟು, ಯಾರನ್ನೂ ನಿಲ್ಲಿಸದೆ.

ಆರಕ್ಕೆ ಹೊತ್ತು ಇಳಿಯುತ್ತಿದ್ದಂತೆ ತಂತಮ್ಮ ತಾಟು, ಲೋಟ, ತಾವೇ ಮಾಡಿದ ಎತ್ತು, ಬತ್ತಾಸಿನ ಪೊಟ್ಟಣ ಹಿಡಿದು ಮನೆಗೆ ಹೋದರು. ತೊಳೆಯಲು ಉಳಿದದ್ದು ಒಂದು ಬುಟ್ಟಿ, ಎರಡು ಬೋಗುಣಿ. ಅಂಗಳ ಗುಡಿಸಲು ಕಸಬರಿಗೆ ತೆಗೆದರೆ ಅತ್ತಿಯವರು, "ಬಿಡು, ಮುಂಜಾನೆ ಗುಬ್ಬಿ ಬರತಾವ" ಅಂದರು.

ನಾನು ಇವತ್ತು ಬಹಳ ಹೊತ್ತು ಕೂತಿದ್ದೆ. ಮಣ್ಣಿನಲ್ಲಿ ಒಂದು ಎತ್ತು ಮಾಡಿದೆ. ಮಗಳು ಬಂದು ಅದಕ್ಕೆ ಕೋಡು ಹಚ್ಚಿ ಹೋದಳು.

ಜನವರಿ 20, ಸೋಮವಾರ

ಶಾಲೆಯಿಂದ ಬರುವಷ್ಟರಲ್ಲಿ ಅಕ್ಕ ಹೂವಿನ ಹಿಪ್ಪರಗಿ ಬಸ್ಸು ಹತ್ತಿದ್ದಳು. ಅವ್ವ ಇನ್ನೂ ನಾಲ್ಕು ದಿನ ಇರುತ್ತಾಳೆ.

ಸಂಜೆ ಹಿಂದಿನ ಓಣಿಯವಳೊಬ್ಬಳು ಬಂದಳು. ಅವಳ ಮಗನಿಗೆ ಎರಡೂವರೆ. ಮನೆ ಸಣ್ಣದು, ಅಂಗಳ ಇಲ್ಲ. ಆದರೂ ರಥಸಪ್ತಮಿಯೊಳಗೆ ಎರೆಯಬೇಕೆಂದು ಮನಸ್ಸಾಗಿದೆಯಂತೆ. "ನಿಮ್ಮ ಅಂಗಳ ಕೊಡತೀರೇನ್ರಿ?" ಎಂದು ಕೇಳಲು ಸಂಕೋಚಪಟ್ಟಳು. ಫೆಬ್ರುವರಿ 2, ಭಾನುವಾರ ಎಂದು ಗೊತ್ತುಮಾಡಿದೆವು. ಜೋಕಾಲಿ ಬಿಚ್ಚಬೇಡಿ ಎಂದು ಇವರಿಗೆ ಹೇಳಬೇಕು. ಕುಸುರೆಳ್ಳು ಒಂದು ಡಬ್ಬಿ ಉಳಿದಿದೆ, ಸಾಕಾಗುತ್ತದೆ. ಚುರಮರಿ ಮಾತ್ರ ಹೊಸದಾಗಿ ತರಬೇಕು.